ಅಂಗೈಯಗಲದ ಕಂಪ್ಯೂಟರು

ಶಿಡ್ಲಘಟ್ಟದ ಹತ್ತಿರ ನಮ್ಮೂರು. ಮನೇಲಿ ಎರಡು ವರ್ಷದಿಂದ ಇರೋ ಕಂಪ್ಯೂಟರು ಒಂದೇ, ರಾಸ್ಪ್‌ಬೆರಿ ಪೈ 4. ಇಡೀ ಕಂಪ್ಯೂಟರೇ ಒಂದು ಬೋರ್ಡು, 85 ಮಿಲಿಮೀಟರ್ ಉದ್ದ, 56 ಅಗಲ. ಟಿವಿ ಹಿಂದೆ ಅಂಟಿಸಿದೀನಿ. ಅಪ್ಪನ ರೇಷ್ಮೆಗೂಡಿನ ಲೆಕ್ಕ, ನನ್ನ ಬರವಣಿಗೆ, ತಂಗಿಯ ಪಾಠದ ವಿಡಿಯೊ, ಎಲ್ಲಾ ಅದರಲ್ಲೇ. 4 ಜಿಬಿ ರ‍್ಯಾಮ್ (ಕೆಲಸ ನಡೆಯುವಾಗ ಬಳಸೋ ಮೆಮೊರಿ) ನಮಗೆ ಧಾರಾಳ. ಕೀಬೋರ್ಡು ಮಾತ್ರ ದೊಡ್ಡದೇ ಬೇಕು ಅಂತ ಹಟ ಹಿಡಿದು ತಗೊಂಡು ಬಂದೆ. ಅಪ್ಪನ ಬೆರಳು ಹಿಪ್ಪುನೇರಳೆ ಕಡ್ಡಿ ಕೊಯ್ದು ದಪ್ಪಗಾಗಿವೆ.

ಅದಕ್ಕೂ ಮೊದಲು ತಂದಿದ್ದು ಇದರ ಅರ್ಧಕ್ಕಿಂತ ಚಿಕ್ಕ ಬೋರ್ಡು, ರ‍್ಯಾಮ್ ಬರೀ 512 ಎಂಬಿ. ಬ್ರೌಸರಲ್ಲಿ ಎರಡನೇ ಟ್ಯಾಬ್ ತೆಗೆದರೆ ಮೌಸಿನ ಬಾಣ ನಿಂತಲ್ಲೇ ನಿಂತುಬಿಡೋದು. ಮೆಮೊರಿ ಸಾಲದಾಗ ಅದು ಫೈಲು ಇಡೋ ಎಸ್‌ಡಿ ಕಾರ್ಡನ್ನೇ ಮೆಮೊರಿ ಥರ ಬಳಸುತ್ತೆ, ಕಾರ್ಡಿಗೆ ಅಷ್ಟು ವೇಗ ಎಲ್ಲಿಂದ ಬರಬೇಕು? "ನನ್ನ ಲೆಕ್ಕದ ಪುಸ್ತಕವೇ ವಾಸಿ ಕಣಮ್ಮ" ಅಂದರು ಅಪ್ಪ. ಅವತ್ತು ನಂಗೆ ತುಂಬಾ ಬೇಜಾರಾಯ್ತು.

ಆ ಚಿಕ್ಕದು ಈಗ ಹುಳುಮನೇಲಿದೆ. ಸೆನ್ಸರ್ ಹಾಕಿ ಶಾಖ, ತೇವ ಬರೆದಿಡೋಕೆ ಅದು ಬೇಕಾದಷ್ಟಾಯ್ತು. ನಾಲ್ಕನೇ ಜ್ವರ (ಹುಳ ಪೊರೆ ಬಿಡೋ ಹೊತ್ತು) ಎದ್ದ ಹುಳಕ್ಕೆ 24-25 ಡಿಗ್ರಿ ಇರಬೇಕು. ರಾತ್ರಿ ಮಲಗೋ ಮುಂಚೆ ಅಪ್ಪನೇ ಟಿವಿ ಹಾಕಿ ಆ ಅಂಕಿ ನೋಡ್ತಾರೆ.