ಸಿಲಿಂಡರ್ ಒಳಗೆ ಉಳಿದ ನೀರು

ವಸಂತನರಸಾಪುರದಲ್ಲಿ ನಾನು ಕೆಲಸ ಮಾಡುವ ಶೆಡ್ಡಿನಲ್ಲಿ, ಕರೆಂಟ್ ಪ್ಯಾನೆಲ್ ಪಕ್ಕ ಬೆಂಕಿ ಆರಿಸುವ 4.5 ಕೆಜಿ ಸಿಒಟು (ಕಾರ್ಬನ್ ಡೈಆಕ್ಸೈಡ್) ಸಿಲಿಂಡರ್ ಇದೆ. ಹೊಸದಾಗಿ ಸೇರಿದ ಹುಡುಗ ಮೊನ್ನೆ ಕೇಳಿದ, "ಸಾರ್, ಪೌಡರ್ ಸಿಲಿಂಡರಿಗೆ ಮೀಟರ್ ಇದೆ, ಇದಕ್ಕೆ ಯಾಕಿಲ್ಲ?"

ಒಳ್ಳೆ ಪ್ರಶ್ನೆ ಅದು. ಇದರೊಳಗೆ ಇರೋದು ಬರೀ ಗಾಳಿಯಲ್ಲ. ಅಡುಗೆ ಗ್ಯಾಸ್ ಹಾಗೆ ಕೆಳಗೆ ದ್ರವ, ಮೇಲೆ ಅನಿಲ. ದ್ರವ ಸ್ವಲ್ಪ ಉಳಿದಿದ್ದರೂ ಸಾಕು, ಒತ್ತಡ ಬಿಸಿಯನ್ನಷ್ಟೇ ಕೇಳುತ್ತದೆ. 20 ಡಿಗ್ರಿಯಲ್ಲಿ ಸುಮಾರು 57 ಬಾರ್ (ಒಂದು ಬಾರ್ ಅಂದರೆ ಹೆಚ್ಚುಕಮ್ಮಿ ನಮ್ಮ ಸುತ್ತಲ ಗಾಳಿಯ ಒತ್ತಡ), ಅರ್ಧ ಖಾಲಿಯಾಗಿದ್ದರೂ ಅಷ್ಟೇ. ಮೀಟರ್ ಹಾಕಿದರೆ ಅದು ನಮಗೆ ಸುಳ್ಳೇ ಹೇಳುತ್ತೆ. ಅದಕ್ಕೇ ತೂಕ ಹಾಕಿ ನೋಡಬೇಕು, ತುಂಬಿದ ಗ್ಯಾಸಿನಲ್ಲಿ ಹತ್ತರಲ್ಲಿ ಒಂದು ಪಾಲು ಇಳಿದಿದ್ದರೆ ಮತ್ತೆ ತುಂಬಿಸಬೇಕು.

ಆದರೆ ನಮ್ಮ ಏಪ್ರಿಲ್ ಬಿಸಿಲಲ್ಲಿ ಒತ್ತಡದ ಆ ಲೆಕ್ಕವೂ ಬದಲಾಗುತ್ತದೆ. 31 ಡಿಗ್ರಿ ದಾಟಿದರೆ ಸಿಒಟುಗೆ ದ್ರವ ಅನ್ನೋ ಸ್ಥಿತಿಯೇ ಇಲ್ಲ. ಆ ಗಡಿಯಲ್ಲಿ ಒತ್ತಡ 73.8 ಬಾರ್. ಇದನ್ನು ಬೆಲ್‌ಫಾಸ್ಟಿನ ಥಾಮಸ್ ಆಂಡ್ರ್ಯೂಸ್ 1869ರಲ್ಲೇ ವಿವರಿಸಿದ್ದರು. ಓದುವಾಗ ಒಮ್ಮೆ ಲ್ಯಾಬಿನಲ್ಲಿ ದಪ್ಪ ಗಾಜಿನ ಕಿಟಕಿಯ ಮೂಲಕ ಇದನ್ನು ನೋಡಿದ್ದೆ. ದ್ರವಕ್ಕೂ ಅನಿಲಕ್ಕೂ ನಡುವಿನ ಗೆರೆ ಮಸುಕಾಯಿತು, ಇಡೀ ಕಿಟಕಿ ಹೊಗೆ ಕವಿದ ಹಾಗೆ ಕಂದಾಯಿತು, ಇನ್ನೊಂದು ಕ್ಷಣಕ್ಕೆ ಎಲ್ಲಾ ತಿಳಿ, ಗೆರೆ ಮಾತ್ರ ಇಲ್ಲ. ಆವತ್ತಿನಿಂದ ಈ ವಿಷಯ ನನ್ನನ್ನು ಬಿಟ್ಟಿಲ್ಲ.

ಹೋದ ವರ್ಷ ಒಂದು ಸಿಲಿಂಡರ್ ಬಿಚ್ಚಿಸಿದಾಗ ತಳದಿಂದ ಕೆಂಪು ಕೆಸರು ಸುರಿಯಿತು. ಐದು ವರ್ಷದ ಪರೀಕ್ಷೆಗೆ ಅದರಲ್ಲಿ ನೀರು ತುಂಬಿ ಒತ್ತಡ ಕೊಟ್ಟಿದ್ದರು, ಆಮೇಲೆ ಸರಿಯಾಗಿ ಒಣಗಿಸದೆ ಹಾಗೇ ಗ್ಯಾಸ್ ತುಂಬಿಬಿಟ್ಟಿದ್ದರು. ನನಗೆ ಸಿಟ್ಟೂ ಬಂತು, ಹೆದರಿಕೆಯೂ ಆಯಿತು. ಒಣಗಿದ ಸಿಒಟು ಉಕ್ಕಿಗೆ ಏನೂ ಮಾಡಲ್ಲ. ನೀರು ಸೇರಿದರೆ ಕಾರ್ಬೋನಿಕ್ ಆಮ್ಲ, ಈ ಒತ್ತಡದಲ್ಲಿ ಪಿಎಚ್ (ಇಳಿದಷ್ಟೂ ಹುಳಿ ಜಾಸ್ತಿ ಅನ್ನೋ ಅಳತೆ) 3ರ ಹತ್ತಿರಕ್ಕೆ ಇಳಿಯುತ್ತದೆ. ಒಳಗಿಂದ ಗೋಡೆ ತೆಳುವಾಗುತ್ತಾ ಹೋದರೆ ಹೊರಗಿನ ಕೆಂಪು ಪೇಂಟ್ ನೋಡಿದವರಿಗೆ ಹೇಗೆ ಗೊತ್ತಾಗಬೇಕು?

ಇಲ್ಲಿ ಒಂದು ಸೋಜಿಗ ಇದೆ. 25 ಡಿಗ್ರಿಯಲ್ಲಿ, ಒಂದು ಬಾರ್ ಒತ್ತಡದಲ್ಲಿ ಒಂದು ಲೀಟರ್ ನೀರು ಒಂದೂವರೆ ಗ್ರಾಂ ಸಿಒಟು ಹಿಡಿಯುತ್ತದೆ. ಗೋಲಿ ಸೋಡಾದಲ್ಲಿ ಒತ್ತಡ ಹೆಚ್ಚಿದಷ್ಟೂ ಗ್ಯಾಸ್ ಜಾಸ್ತಿ, ಅಲ್ವಾ? ಹಾಗಾದರೆ 100 ಬಾರಿಗೆ 150 ಗ್ರಾಂ ಆಗಬೇಕಿತ್ತು. ಆಗಲ್ಲ, 60 ಗ್ರಾಂ ಆಸುಪಾಸಿಗೇ ನಿಲ್ಲುತ್ತದೆ. ಸಿಒಟು ಆಗಲೇ ದ್ರವದಷ್ಟು ಒತ್ತಾಗಿ ಕೂತಿರುತ್ತದೆ, ಇನ್ನಷ್ಟು ಒತ್ತಿದರೂ ನೀರೊಳಗೆ ಹೋಗೋ ಆತುರ ಅದಕ್ಕೆ ಹೆಚ್ಚೇನೂ ಬೆಳೆಯಲ್ಲ. ಹಾಗಾಗಿ ನೀರು, ಸಿಒಟು ಎರಡು ಪದರವಾಗಿಯೇ ಉಳಿಯುತ್ತವೆ.

ಈಗ ಇದಕ್ಕೆ ಆಮ್ಲ ಸೇರಿಸಿ. ವಿನೆಗರಿನ ಅಸಿಟಿಕ್ ಆಮ್ಲ ನೀರಿಗೂ ಸೇರುತ್ತದೆ, ದ್ರವ ಸಿಒಟುಗೂ ಸೇರುತ್ತದೆ, ಸಾಕಷ್ಟು ಹಾಕಿದರೆ ಎರಡು ಪದರ ಒಂದಾಗಿಬಿಡುತ್ತವೆ. ನಮ್ಮ ತುಮಕೂರಿನ ಹುಣಸೆಹಣ್ಣಿನ ಟಾರ್ಟಾರಿಕ್ ಆಮ್ಲ ಹಾಗಲ್ಲ. ಅದು ನೀರನ್ನು ಬಿಟ್ಟು ಸಿಒಟು ಕಡೆ ಹೋಗೋದೇ ಇಲ್ಲ ಅನ್ನಬಹುದು. ಎರಡೂ ಹುಳಿಯೇ, ನಡತೆ ಮಾತ್ರ ಬೇರೆ.

ಗಂಧಕದ ಆಮ್ಲ ಇನ್ನೂ ಕೆಟ್ಟದ್ದು. ಕಾರ್ಖಾನೆಯ ಹೊಗೆಯಿಂದ ಹಿಡಿದ ಸಿಒಟುವನ್ನು ಪೈಪಿನಲ್ಲಿ ಕಳಿಸುವಾಗ ಅದರ ಜೊತೆ ಗಂಧಕ, ಸಾರಜನಕದ ಅನಿಲಗಳೂ ಚೂರು ಬರುತ್ತವೆ. ಶುದ್ಧ ದ್ರವ ಸಿಒಟು ಹತ್ತು ಲಕ್ಷ ಭಾಗಕ್ಕೆ ಸಾವಿರಕ್ಕೂ ಜಾಸ್ತಿ ಭಾಗ ನೀರನ್ನು ಕರಗಿಸಿಕೊಂಡು ಇರಬಲ್ಲದು. ಆದರೂ ಹೀಗೆ ಹಿಡಿದ ಸಿಒಟುವನ್ನು ಸಮುದ್ರದಡಿ ಹೂಳುವ ನಾರ್ವೆಯ ನಾರ್ದರ್ನ್ ಲೈಟ್ಸ್ ಯೋಜನೆಯವರು 30 ಭಾಗಕ್ಕಿಂತ ಜಾಸ್ತಿ ನೀರು ಬೇಡ ಅಂತ ಮಿತಿ ಹಾಕಿದ್ದಾರೆ. ಯಾಕಂದರೆ ಈ ಗಂಧಕ, ಸಾರಜನಕದ ಅನಿಲಗಳು ತಮ್ಮಲ್ಲೇ ಬೆರೆತು ಗಂಧಕಾಮ್ಲ, ನೈಟ್ರಿಕ್ ಆಮ್ಲ ಆಗುತ್ತವೆ. ಆಮ್ಲ ಆ ಚೂರು ನೀರನ್ನೂ ಎಳೆದುಕೊಂಡು ಬೇರೆ ಹನಿಯಾಗಿ ಉಕ್ಕಿನ ಮೇಲೆ ಕೂರುತ್ತದೆ.

ಈ ಸಲ ಪರೀಕ್ಷೆಗೆ ಕಳಿಸಿದಾಗ ನಾನೇ ಜೊತೆಗೆ ಹೋದೆ. ಸಿಲಿಂಡರ್ ತಲೆಕೆಳಗೆ ನಿಲ್ಲಿಸಿ, ಬಿಸಿಗಾಳಿ ಬಿಡಿಸಿ, ಬಾಯಿಂದ ಸಣ್ಣ ಬಲ್ಬ್ ಇಳಿಸಿ ತಳ ನೋಡಿದೆ. ಬೂದುಬಣ್ಣದ ಉಕ್ಕು, ಒಂದು ಹನಿಯೂ ಇಲ್ಲ. ಆಮೇಲೆ ತುಂಬಿ ಅಂದೆ. ಶೆಡ್ಡಿಗೆ ಬಂದ ಮೇಲೆ ತೂಕ ಹಾಕಿ ಚೀಟಿ ಕಟ್ಟಿದವನು ಆ ಹುಡುಗನೇ.