ಹಳೆಯ ಹುಣಸೆಯ ಬುಡ ಹುಡುಕಿದ ದಿನ

ದೇವನಹಳ್ಳಿ ಸೀಮೆಯ ಒಂದು ಹಳ್ಳಿ. ಹಳೆಯ ಹುಣಸೆಯೊಂದನ್ನು ಅಳೆದು ದಾಖಲೆ ಮಾಡಲು ಹೋಗಿದ್ದೆವು. ಶಿವರಾತ್ರಿ ಕಳೆದ ವಾರ, ಹುಣಸೆ ಬಡಿಯುವ ಕಾಲ. ಊರ ಮುಂದಿನ ಮರವನ್ನು ಗುತ್ತಿಗೆ ಹಿಡಿದವರು ಹಿಂದಿನ ದಿನವಷ್ಟೇ ಕಾಯಿ ಉದುರಿಸಿ ಹೋಗಿದ್ದರು. ಎಲೆ ತೆಳುವಾಗಿ ತುದಿಕೊಂಬೆ ಬರಿಗಣ್ಣಿಗೆ ಕಾಣುತ್ತಿತ್ತು. ಹುಣಸೆಯ ಎತ್ತರ ಅಳೆಯಲು ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ವಾರ ಸಿಗುವುದಿಲ್ಲ.

“ಸಾವಿರ ವರ್ಷದ ಮರ ಸಾರ್, ನಮ್ಮ ತಾತ ಹುಡುಗ್ನಾಗಿದ್ದಾಗ್ಲೂ ಹಿಂಗೇ ಇತ್ತಂತೆ” ಎಂದರು ಕಟ್ಟೆಯ ಮೇಲೆ ಕೂತಿದ್ದ ಹಿರಿಯರು. ತಾತನ ಮಾತನ್ನು ಹೇಳಿದವರ ವಯಸ್ಸಿನ ಸಮೇತ ಬರೆದುಕೊಳ್ಳಬೇಕು. ಸಾವಿರ ವರ್ಷವನ್ನು ಬರೆದುಕೊಳ್ಳಬಾರದು. ನಾಳೆ ರಸ್ತೆ ಅಗಲಿಸಲು ಬಂದಾಗ ಆ ಒಂದು ಸಂಖ್ಯೆಯನ್ನು ತಳ್ಳಿಹಾಕಿದರೆ ಉಳಿದ ದಾಖಲೆಯೂ ಅದರೊಂದಿಗೆ ಹೋಗುತ್ತದೆ. ಯಾರು ಬಂದು ಟೇಪು ಹಿಡಿದರೂ ಮತ್ತೆ ಅಷ್ಟೇ ಬರುವ ಅಳತೆಯನ್ನು ಹಾಗೆ ತಳ್ಳಿಹಾಕಲಾಗದು.

ಸುತ್ತಳತೆಯನ್ನು ನೆಲದಿಂದ 1.37 ಮೀಟರ್, ಅಂದರೆ ನಾಲ್ಕೂವರೆ ಅಡಿ ಎತ್ತರದಲ್ಲಿ ತೆಗೆಯುವುದು ರೂಢಿ. ಈ ಮರದಲ್ಲಿ ಮೊದಲ ತೊಡಕೇ ‘ನೆಲ’ ಯಾವುದು ಎಂಬುದು. ಹುಣಸೆಯಂಥ ಮರ ಸಾಮಾನ್ಯವಾಗಿ ಬುಡದಲ್ಲಿ ಲಂಗದಂತೆ ಹರಡಿಕೊಂಡು ಮಣ್ಣಿಗೆ ಇಳಿಯುತ್ತದೆ. ಇದು ಕಂಬ ನೆಟ್ಟ ಹಾಗೆ ನೇರವಾಗಿ ಇಳಿದಿತ್ತು. ಎಂದೋ ಸುತ್ತ ಕಟ್ಟೆ ಕಟ್ಟಿ ಒಳಗೆ ಮಣ್ಣು ತುಂಬಿದ್ದಾರೆ ಎನ್ನುವುದಕ್ಕೆ ಬೇರೆ ಗುರುತು ಬೇಡ. ಗುದ್ದಲಿ ಬದಿಗಿಟ್ಟು ಮರದ ಚೂಪುಗೋಲಿನಿಂದ, ಕೈಯಿಂದ ಮಣ್ಣು ಕೆದಕುತ್ತ ಹೋದೆವು. 35 ಸೆಂಟಿಮೀಟರ್ ಕೆಳಗೆ ಬೇರು ಹರಡುವ ಜಾಗ ಸಿಕ್ಕಿತು. ಹುಗಿದುಹೋಗಿದ್ದ ತೊಗಟೆ ಕಪ್ಪಾಗಿ ಒದ್ದೆಯಾಗಿತ್ತು, ಒತ್ತಿದರೆ ಬೆರಳು ಇಳಿಯುತ್ತಿತ್ತು. ಗಾಳಿಗೆ ತೆರೆದಿರಬೇಕಾದ ತೊಗಟೆ ಮಣ್ಣಿನಲ್ಲಿ ಸದಾ ನೆನೆದರೆ ಹೀಗೇ ಕೊಳೆಯುತ್ತದೆ. ಕೆಳಗಿನ ಬೇರಿಗೂ ಉಸಿರು ಕಟ್ಟುತ್ತದೆ. ಊರಿನವರು ಮರದ ಮೇಲಿನ ಪ್ರೀತಿಗೇ ಕಟ್ಟೆ ಕಟ್ಟಿರುತ್ತಾರೆ, ಅದಕ್ಕೇ ಇದನ್ನು ಹೇಳುವಾಗ ಮನಸ್ಸಿಗೆ ಕಷ್ಟವಾಗುತ್ತದೆ.

ಅಳತೆಗೋಲನ್ನು ಆ ಹಳೆಯ ನೆಲದ ಮೇಲೆ ನಿಲ್ಲಿಸಿ ಸೀಮೆಸುಣ್ಣದಲ್ಲಿ ಸುತ್ತಲೂ ಗುರುತು ಹಾಕಿದೆವು. ಬಟ್ಟೆಯ ಟೇಪು ಹಿಗ್ಗುತ್ತದೆ, ಫೈಬರ್‌ನದೇ ಆಗಬೇಕು. ಮೊದಲ ಸಲ 6.71 ಮೀಟರ್ ಬಂತು. ಹಿಂದೆ ಹೋಗಿ ನೋಡಿದರೆ ಟೇಪು ಒಂದು ಗೇಣು ಜೋತುಬಿದ್ದಿತ್ತು. ಎರಡನೆಯದು 6.50, ಮೂರನೆಯದು 6.48. ದೊಡ್ಡ ಮರಕ್ಕೆ ಟೇಪಿನ ಎರಡು ತುದಿ ಹಿಡಿಯುವವರ ಜತೆ ಸುತ್ತ ಓಡಾಡಿ ಗುರುತಿನ ಮೇಲೇ ಕೂತಿದೆಯೇ ಎಂದು ನೋಡುವ ಮೂರನೆಯವರು ಬೇಕೇ ಬೇಕು. ಆ ಎತ್ತರದಲ್ಲಿ ಗಂಟು ಇದ್ದರೆ ಅದರ ಮೇಲೆ ಒಂದು, ಕೆಳಗೆ ಒಂದು ಅಳತೆ ತೆಗೆದು ಸರಾಸರಿ ಬರೆಯುತ್ತಾರೆ. ಮರ ವಾಲಿದ್ದರೆ ಟೇಪು ಕಾಂಡಕ್ಕೆ ಅಡ್ಡವಾಗಿ ಸುತ್ತಬೇಕು, ನೆಲಕ್ಕೆ ಸಮವಾಗಿ ಅಲ್ಲ.

ಎತ್ತರಕ್ಕೆ ಒಂದು ನೇರ ಕೋಲು ಸಾಕು. ಕೈ ಚಾಚಿ ಹಿಡಿದಾಗ ಕಣ್ಣಿನಿಂದ ಮುಷ್ಟಿಗೆ ಎಷ್ಟು ದೂರವೋ ಮುಷ್ಟಿಯ ಮೇಲೆ ಅಷ್ಟೇ ಉದ್ದದ ಕೋಲು ನೆಟ್ಟಗಿರಬೇಕು. ಮುಷ್ಟಿಗೆ ಬುಡ, ಕೋಲಿನ ತುದಿಗೆ ಮರದ ತುದಿ ಸೇರುವವರೆಗೆ ಹಿಂದೆ ಸರಿಯುತ್ತ ಹೋಗಿ ನಿಂತ ಜಾಗದಿಂದ ಬುಡಕ್ಕೆ ಅಳೆದರೆ ಅದೇ ಎತ್ತರ. ಆದರೆ ತುದಿ ನಮ್ಮ ಕಡೆ ಬಾಗಿದ್ದರೆ ಮರ ಇರುವುದಕ್ಕಿಂತ ಉದ್ದ ಕಾಣುತ್ತದೆ, ಆಚೆ ಬಾಗಿದ್ದರೆ ಗಿಡ್ಡ. ರಸ್ತೆ ಕಡೆಯಿಂದ 21 ಮೀಟರ್, ಹೊಲದ ಕಡೆಯಿಂದ 17 ಬಂದು 19 ಎಂದು ಬರೆದೆವು. ಕೊಂಬೆಗಳ ಹರವು ಉದ್ದಕ್ಕೆ 24, ಅಡ್ಡಕ್ಕೆ 20, ಸರಾಸರಿ 22 ಮೀಟರ್.

ಅಮೆರಿಕದಲ್ಲಿ 1940ರಿಂದ ದೊಡ್ಡ ಮರಗಳ ಪಟ್ಟಿ ಮಾಡುತ್ತ ಬಂದವರು ಮರಕ್ಕೆ ಅಂಕ ಕೊಡುತ್ತಾರೆ. ಸುತ್ತಳತೆ ಇಂಚಿನಲ್ಲಿ, ಎತ್ತರ ಅಡಿಯಲ್ಲಿ, ಹರವಿನ ಕಾಲು ಭಾಗ ಅಡಿಯಲ್ಲಿ, ಮೂರನ್ನೂ ಕೂಡಿಸಬೇಕು. ನಮ್ಮ ಹುಣಸೆಗೆ 255, 62, 18 ಸೇರಿ 335 ಬಂತು. ಒಂದು ತಾಲ್ಲೂಕಿನ ಹುಣಸೆಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಲು ಈ ಲೆಕ್ಕ ಉಪಯೋಗಕ್ಕೆ ಬರುತ್ತದೆ. ಹುಣಸೆಗೂ ಆಲಕ್ಕೂ ಹೋಲಿಸಲು ಬಾರದು. ರಾಮೋಹಳ್ಳಿಯ ದೊಡ್ಡ ಆಲದ ಮರ ಸುಮಾರು ಮೂರು ಎಕರೆ ಹಬ್ಬಿದೆ, ಅದರ ಮೂಲ ಕಾಂಡವೇ ಇವತ್ತು ಇಲ್ಲ, ಬಿಳಲುಗಳ ಮೇಲೆ ನಿಂತಿದೆ.

ವಯಸ್ಸಿನ ಮಾತು ಬೇರೆ. ತೇಗದಲ್ಲಿ ವರ್ಷದ ಉಂಗುರ ಎಣಿಸಬಹುದು. ಹುಣಸೆಯಲ್ಲಿ ಉಂಗುರ ಸ್ಪಷ್ಟವಿರುವುದಿಲ್ಲ, ಇದ್ದರೂ ಹಳೆಯ ಮರದ ನಡು ಟೊಳ್ಳು. ಕೊರೆದು ತಿರುಳು ತೆಗೆಯುವ ಉಪಕರಣವನ್ನು ಇಂಥ ಮರಕ್ಕೆ ಹಾಕುವುದೇ ತಪ್ಪು, ಗಾಯ ಕೊಳೆಗೆ ದಾರಿಯಾಗುತ್ತದೆ. ಹತ್ತಿರದ ನಲ್ಲೂರಿನ ಹುಣಸೆ ತೋಪಿನ ಮರವೊಂದಕ್ಕೆ 400 ವರ್ಷ ದಾಟಿದೆ ಎಂದು ತಿಳಿದದ್ದು ಕಾರ್ಬನ್ ಪರೀಕ್ಷೆಯಿಂದ. ಸುತ್ತಳತೆ ನೋಡಿ ವಯಸ್ಸು ಹೇಳಲು ಹೋದರೆ ಸವಣೂರಿನ ಮರಗಳ ಮುಂದೆ ಮಾತು ಸೋಲುತ್ತದೆ. ಊರಿನವರು ಅವನ್ನು ದೊಡ್ಡಹುಣಸೆ ಎನ್ನುತ್ತಾರೆ, ತಿರುಳೂ ಹುಳಿಯೇ, ಆದರೆ ಅವು ಆಫ್ರಿಕಾ ಮೂಲದ ಬಾವೋಬಾಬ್. ಮೆತ್ತನೆಯ ಕಾಂಡದಲ್ಲಿ ನೀರು ತುಂಬಿಕೊಂಡು ಬೇಗ ದಪ್ಪವಾಗುತ್ತವೆ. 2023ರ ಮಳೆಗಾಲದಲ್ಲಿ ಅಲ್ಲಿನ ಮೂರರಲ್ಲಿ ಒಂದು ಬುಡಸಮೇತ ಉರುಳಿ, ಅದನ್ನು ಅಲ್ಲೇ ಮತ್ತೆ ನಿಲ್ಲಿಸಿದರು.

ಮಧ್ಯಾಹ್ನ ಪೊಟರೆಗೆ ಟಾರ್ಚು ಹಾಕಿದೆವು. ಒಳಗೋಡೆ ಇದ್ದಿಲಾಗಿತ್ತು, ಜೇನಿಗೋ ಚಳಿಗೋ ಯಾರೋ ಬೆಂಕಿ ಹಾಕಿದ್ದಾರೆ. ಟೊಳ್ಳಾದ ಮಾತ್ರಕ್ಕೆ ಮರ ಸತ್ತಂತಲ್ಲ. ಜೀವ ಇರುವುದು ತೊಗಟೆಯ ಒಳಪದರದಲ್ಲಿ, ಹೊರಗಿನ ಹಸಿ ಮರದಲ್ಲಿ. ಬಿದಿರಿನ ಹಾಗೆ ಟೊಳ್ಳು ಕಾಂಡವೂ ಗಾಳಿ ತಡೆಯುತ್ತದೆ. ಗಟ್ಟಿ ಗೋಡೆ ಅರ್ಧವ್ಯಾಸದ ಮೂರರಲ್ಲೊಂದು ಪಾಲಿಗಿಂತ ತೆಳುವಾದರೆ ಎಚ್ಚರ ಬೇಕು ಎನ್ನುವುದು ಮರ ಪರೀಕ್ಷಿಸುವವರ ಸ್ಥೂಲ ಲೆಕ್ಕ. ಈ ಮರಕ್ಕೆ ಆ ಪಾಲು 34 ಸೆಂಟಿಮೀಟರ್. ಮರದ ಸುತ್ತಿಗೆಯಿಂದ ಸುತ್ತಲೂ ತಟ್ಟಿದೆವು. ಪಶ್ಚಿಮದ ಕಡೆ ಮಾತ್ರ ಡೋಲಿನ ಸದ್ದು.

ಆ ಕಡೆಯೇ ಹಿಂದೆ ಯಾರೋ ಸಿಮೆಂಟ್ ತುಂಬಿದ್ದರು. ಮರ ಗಾಳಿಗೆ ಬಳುಕುತ್ತದೆ, ಸಿಮೆಂಟ್ ಬಳುಕುವುದಿಲ್ಲ. ಎರಡರ ನಡುವೆ ಬೆರಳಗಲ ಬಿರುಕು ಬಿಟ್ಟು, ಮಳೆನೀರು ಇಳಿದು, ಹೊರಬರಲು ದಾರಿಯಿಲ್ಲದೆ ಮರ ಹಿಟ್ಟಾಗಿತ್ತು. ಈಗ ಅದನ್ನು ಒಡೆದು ತೆಗೆದರೆ ಉಳಿದ ಗೋಡೆಗೂ ಪೆಟ್ಟು ಬೀಳುತ್ತದೆ, ಸಡಿಲವಾದ ತುಂಡುಗಳನ್ನಷ್ಟೇ ಕೈಯಲ್ಲಿ ತೆಗೆದು ಬಿಟ್ಟೆವು. ಹೊಸದಾಗಿ ಯಾವ ಪೊಟರೆಗೂ ಸಿಮೆಂಟ್, ಟಾರು, ಇಟ್ಟಿಗೆ ತುಂಬಬೇಡಿ. ಗೂಬೆಗೆ ಬಿಡಿ. ಗೆದ್ದಲು ಕಂಡು ಗಾಬರಿಯಾಗಿ ಔಷಧ ಸುರಿಯುವುದೂ ಬೇಡ, ಅದು ಹೆಚ್ಚಾಗಿ ಸತ್ತ ಮರವನ್ನೇ ತಿನ್ನುತ್ತದೆ.

ಕಾಂಡಕ್ಕಿಂತ ಹೆಚ್ಚು ಕಾಪಾಡಬೇಕಾದದ್ದು ಸುತ್ತಲಿನ ನೆಲ. ನೀರು-ಗೊಬ್ಬರ ಹೀರುವ ಬೇರುಗಳಲ್ಲಿ ಹೆಚ್ಚಿನವು ಮೇಲಿನ ಎರಡಡಿ ಮಣ್ಣಿನಲ್ಲೇ ಇರುತ್ತವೆ, ನೆರಳಿನ ಅಂಚನ್ನೂ ದಾಟಿ ಹೋಗುತ್ತವೆ. ಇಂಗ್ಲೆಂಡಿನಲ್ಲಿ ಪುರಾತನ ಮರಕ್ಕೆ ಕಾಂಡದ ವ್ಯಾಸದ 15 ಪಟ್ಟು ದೂರದವರೆಗೆ ಅಗೆಯದೆ ಬಿಡಲು ಹೇಳುತ್ತಾರೆ. ನಮಗೆ ಅಂಥ ಅಳತೆಯಿಲ್ಲ, ಅದನ್ನೇ ಹಿಡಿದರೆ ನಷ್ಟವಿಲ್ಲ. 6.48 ಅನ್ನು 3.14ರಿಂದ ಭಾಗಿಸಿದರೆ ವ್ಯಾಸ 2.06, ಹದಿನೈದರಿಂದ ಗುಣಿಸಿದರೆ 31 ಮೀಟರ್. ಆ ವೃತ್ತದೊಳಗೆ ಪೈಪಿನ ಕಾಲುವೆ, ಟ್ರ್ಯಾಕ್ಟರ್ ನಿಲುಗಡೆ, ಎಲೆ ಗುಡಿಸಿ ಸುಡುವುದು, ಮೂರೂ ನಿಲ್ಲಬೇಕು. ಉದುರಿದ ಎಲೆಯನ್ನು ಮೂರು ನಾಲ್ಕು ಬೆರಳಿನಷ್ಟು ದಪ್ಪ ಹರಡಿ, ಕಾಂಡದಿಂದ ಒಂದು ಗೇಣು ದೂರ ಬಿಟ್ಟರೆ ಅದೇ ಒಳ್ಳೆಯ ಗೊಬ್ಬರ.

ಸಂಜೆ ಪುಸ್ತಕದಲ್ಲಿ ಬರೆದದ್ದು: ದಿನಾಂಕ, ಅಳೆದ ಎತ್ತರ, ಸುತ್ತಳತೆ, ಹಳೆಯ ನೆಲ 35 ಸೆಂಟಿಮೀಟರ್ ಕೆಳಗಿದೆ ಎಂಬ ಷರಾ, ನಾಲ್ಕು ದಿಕ್ಕಿನ ಫೋಟೊ, ಸರ್ವೆ ನಂಬರ್. ಇದರ ಪ್ರತಿ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ಹೋಗಬೇಕು, ಜನತಾ ಜೀವವೈವಿಧ್ಯ ದಾಖಲಾತಿಗೆ ಸೇರಬೇಕು. ನಲ್ಲೂರಿನ 54 ಎಕರೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾದದ್ದು 2002ರ ಜೀವವೈವಿಧ್ಯ ಕಾಯ್ದೆಯ ಅಡಿ. ಒಂಟಿ ಮರಕ್ಕೆ ಅಷ್ಟು ದೊಡ್ಡ ಹೆಸರು ಸಿಗದಿರಬಹುದು, ಆದರೆ ದಾಖಲೆಯಲ್ಲಿ ಸಾಲೊಂದಿದ್ದರೆ ಕಡಿಯುವ ಅರ್ಜಿ ಬಂದಾಗ ಅದನ್ನು ತೀರ್ಮಾನಿಸುವ ‘ಮರ ಅಧಿಕಾರಿ’ಯ ಮುಂದೆ ಇಡಲು ಕಾಗದವಿರುತ್ತದೆ.

ಹೊರಡುವ ಮುಂಚೆ 31 ಮೀಟರ್ ಹಗ್ಗ ಹಿಡಿದು ಸುತ್ತ ಸುಣ್ಣದ ಗೆರೆ ಹಾಕಿದೆವು. ಪೂರ್ವದ ಕಡೆ ಗೆರೆ ಟಾರು ರಸ್ತೆ ದಾಟಿ ಆಚೆ ಬೇಲಿಯವರೆಗೂ ಹೋಯಿತು, ಅಲ್ಲಿನ ಬೇರು ಎಂದೋ ಹೋಗಿರಬೇಕು. ಪಶ್ಚಿಮಕ್ಕೆ ರಾಗಿ ಹೊಲ. ಹೊಲದ ಯಜಮಾನರು ಗೆರೆಯುದ್ದಕ್ಕೂ ಒಮ್ಮೆ ನಡೆದು ನೋಡಿ, ಮುಂಗಾರಿಗೆ ಅಷ್ಟು ಪಟ್ಟಿಯನ್ನು ಉಳದೆ ಹುಲ್ಲಿಗೆ ಬಿಡುತ್ತೇನೆ ಎಂದರು.