ಮುಚ್ಚಳ ತೆರೆದರೆ ಕಪ್ಪು ಪರದೆ

ನನ್ನ ಹಳೆಯ ಲ್ಯಾಪ್‌ಟಾಪಿಗೆ ಫ್ರೀಬಿಎಸ್‌ಡಿ ಎಂಬ ಕಾರ್ಯಾಚರಣಾ ವ್ಯವಸ್ಥೆಯನ್ನು ಹಾಕಿಕೊಂಡಾಗ ಉಳಿದೆಲ್ಲವೂ ಒಂದೇ ಸಂಜೆಯಲ್ಲಿ ಸರಿಹೋಯಿತು. ಯಂತ್ರವನ್ನು ಮಲಗಿಸಿ ಎಬ್ಬಿಸುವ ಕೆಲಸ ಮಾತ್ರ ಎರಡು ವಾರ ಕಾಡಿತು.

ವಿದ್ಯುತ್ ಸ್ಥಿತಿ ಬದಲಿಸುವ ‘ಎಸಿಪಿಐಕಾನ್ಫ್’ ಆದೇಶದಿಂದ ಎಸ್3 ಎಂಬ ನಿದ್ರಾಸ್ಥಿತಿಗೆ ಕಳುಹಿಸಿದರೆ ಯಂತ್ರ ತಕ್ಷಣ ಮಲಗುತ್ತಿತ್ತು. ಎಬ್ಬಿಸಿದಾಗ ಫ್ಯಾನು ತಿರುಗುತ್ತಿದ್ದರೂ ಪರದೆ ಕಪ್ಪಾಗಿಯೇ ಉಳಿಯುತ್ತಿತ್ತು. ಯಂತ್ರವೇ ಸತ್ತಿದೆಯೆಂದು ಭಾವಿಸಿ ಹಲವು ಸಲ ಪವರ್ ಗುಂಡಿ ಒತ್ತಿ ಹಿಡಿದದ್ದು ನನ್ನ ಅವಸರದ ತಪ್ಪು. ಇನ್ನೊಂದು ಕಂಪ್ಯೂಟರಿನಿಂದ ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗುವ ವಿಧಾನ) ಮೂಲಕ ಪ್ರಯತ್ನಿಸಿದಾಗ ಅದು ಸಲೀಸಾಗಿ ಒಳಗೆ ಬಿಟ್ಟುಕೊಂಡಿತು. ಅಂದರೆ ಯಂತ್ರ ಎದ್ದಿತ್ತು, ಪರದೆ ಮಾತ್ರ ಬೆಳಗಿರಲಿಲ್ಲ.

ಎಸ್3 ಸ್ಥಿತಿಯಲ್ಲಿ ಪ್ರೊಸೆಸರ್ ಮತ್ತು ಬಹುತೇಕ ಸಾಧನಗಳಿಗೆ ವಿದ್ಯುತ್ ನಿಂತು, ಮೆಮೊರಿಗೆ ಮಾತ್ರ ಅಲ್ಪಸ್ವಲ್ಪ ಹರಿಯುತ್ತಿರುವುದರಿಂದ, ಎಚ್ಚರವಾದಾಗ ಪ್ರತಿ ಸಾಧನವನ್ನೂ ಅದರದೇ ಡ್ರೈವರ್ (ಸಾಧನವನ್ನು ನಡೆಸುವ ತಂತ್ರಾಂಶ) ಮತ್ತೆ ಸಜ್ಜುಗೊಳಿಸಬೇಕಾಗುತ್ತದೆ. ನಿಜವಾಗಿ ಮಲಗಿಸದೆ ಡ್ರೈವರುಗಳನ್ನಷ್ಟೇ ಪರೀಕ್ಷಿಸುವ ‘ಸಸ್ಪೆಂಡ್ ಬೌನ್ಸ್’ ಎಂಬ ಸೌಲಭ್ಯವೊಂದಿದೆ. ಅದರಲ್ಲಿ ಯಂತ್ರ ಸುಲಭವಾಗಿ ಪಾಸಾದ್ದರಿಂದ, ವಿದ್ಯುತ್ ಕಳೆದುಕೊಂಡ ಗ್ರಾಫಿಕ್ಸ್ ಚಿಪ್ಪನ್ನು ಎಬ್ಬಿಸುವವರೇ ಇಲ್ಲವೆಂಬ ಅನುಮಾನ ಬಲವಾಯಿತು. ಗ್ರಾಫಿಕ್ಸ್ ಡ್ರೈವರುಗಳಿರುವ ‘ಡಿಆರ್‌ಎಂ-ಕೆಮಾಡ್’ ಪ್ಯಾಕೇಜನ್ನು ನಾನು ಹಾಕಿಕೊಂಡೇ ಇರಲಿಲ್ಲ! ಅದನ್ನು ಸ್ಥಾಪಿಸಿ, ಇಂಟೆಲ್ ಗ್ರಾಫಿಕ್ಸಿನ ಮಾಡ್ಯೂಲ್ ಬೂಟ್ ಸಮಯದಲ್ಲೇ ಲೋಡ್ ಆಗುವಂತೆ ಆರಂಭದ ಸೆಟ್ಟಿಂಗುಗಳಿರುವ ‘ಆರ್‌ಸಿ.ಕಾನ್ಫ್’ ಕಡತದಲ್ಲಿ ಒಂದು ಸಾಲು ಸೇರಿಸಿದ ಮೇಲೆ ಪರದೆ ಬೆಳಗಿತು.

ಅನಂತರ ವೈಫೈ ಮುನಿಸಿಕೊಂಡಿತು. ಯಂತ್ರ ಎಚ್ಚರವಾದಾಗ ಚಲಾಯಿಸಲಾಗುವ ‘ಆರ್‌ಸಿ.ರೆಸ್ಯೂಮ್’ ಕಡತದಲ್ಲಿ ನೆಟ್‌ವರ್ಕ್ ಸೇವೆಯನ್ನು ಮರಳಿ ಆರಂಭಿಸುವ ಆದೇಶ ಬರೆದೆ. ಇದು ತೇಪೆಯೇ ಹೊರತು ಪರಿಹಾರವಲ್ಲ, ಆದರೂ ಸದ್ಯಕ್ಕೆ ಸಾಕು. ಕೊನೆಗೆ ಮುಚ್ಚಳದ ಸೆಟ್ಟಿಂಗನ್ನೂ ಎಸ್3ಕ್ಕೆ ಜೋಡಿಸಿದ್ದೇನೆ.